ಹೊಂಗೆಕಟ್ಟೆಯ ಸರದಿ

ಹೊಂಗೆಕೊಪ್ಪಲು, ಪಿರಿಯಾಪಟ್ಟಣ ತಾಲ್ಲೂಕು
14 ಜುಲೈ 2025

ಶಿವಶಂಕರ,

ಆಶೀರ್ವಾದ. ಕ್ಷೇಮದ ಮಾತು ಕೊನೆಗೆ ಬರೆಯುತ್ತೇನೆ, ಮೊದಲು ಜಗಳ.

ಫೋನು ಮಾಡಬಹುದಿತ್ತು. ಮಾಡಿದರೆ ನೀನು ಮೀಟಿಂಗಿನಲ್ಲಿರುತ್ತೀಯ, ಸಿಕ್ಕರೆ ಎಲ್ಲಕ್ಕೂ ಹೂಂ ಅಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಹೂಂ ಅನ್ನಲು ಬರುವುದಿಲ್ಲ. ಕಂಪಲಾಪುರದ ಹೈಸ್ಕೂಲಿನಲ್ಲಿ ಜೀವಮಾನವಿಡೀ ಸಮಾಜ ಪಾಠ ಹೇಳಿದವಳು ನಾನು. ಉತ್ತರ ಬರೆಸಿಕೊಳ್ಳುವುದು ನನಗೆ ಅಭ್ಯಾಸ.

ನಮ್ಮೂರ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಾಗ ನೀನು ಬೆಳಿಗ್ಗೆ ಏನು ಮಾಡುತ್ತಿದ್ದೆ, ನೆನಪಿದೆಯೇ? ಟೀ ಲೋಟ ಹಿಡಿದುಕೊಂಡು ಹೊರಗೆ ಬರುತ್ತಿದ್ದೆ. ಹೊಂಗೆಮರದ ಕಟ್ಟೆಯ ಮೇಲೆ ಕೂತವರನ್ನೆಲ್ಲ ಒಂದು ಸುತ್ತು ನೋಡುತ್ತಿದ್ದೆ. ಒಬ್ಬನಿಗೆ ‘ಏನಪ್ಪ, ಮತ್ತೆ ಕುಡಿದ್ಯಾ’ ಅಂತ, ಒಬ್ಬಳಿಗೆ ‘ನಿನ್ ಸೊಸೆ ಊಟ ಹಾಕಲ್ವಾ’ ಅಂತ. ಲೋಟ ಖಾಲಿಯಾಗುವಷ್ಟರಲ್ಲಿ ಆ ಗುಂಪಿನಿಂದ ಯಾರೋ ಇಬ್ಬರು ನಿನ್ನ ಹಿಂದೆ ಒಳಗೆ ಬಂದಿರುತ್ತಿದ್ದರು. ಚೀಟಿ ಬರೆಯುವುದು ಆಮೇಲೆ. ಊರವರು ಇದಕ್ಕೆ ‘ಕಟ್ಟೆ ಸುತ್ತೋದು’ ಅಂತ ಹೆಸರಿಟ್ಟರು. ನಿನ್ನ ನಂತರ ಬಂದ ಡಾಕ್ಟರುಗಳೂ ಸುತ್ತಿದರು. ಸುತ್ತದಿದ್ದರೆ ಜನ ಬಿಡುತ್ತಿರಲಿಲ್ಲ. ಈಗ ಗುತ್ತಿಗೆಯ ಮೇಲೆ ಬಂದಿರುವ ಪದ್ಮಶ್ರೀ ಎಂಬ ಹುಡುಗಿಯೂ ಸುತ್ತುತ್ತಿದ್ದಳು. ಹೋದ ತಿಂಗಳ ತನಕ.

ಈಗ ನಿಮ್ಮ ಆರೋಗ್ಯ ಇಲಾಖೆಯ ‘ಸರದಿ’ ಯೋಜನೆ ಬಂದಿದೆ. ಮೊದಲು ಕೌಂಟರಿನಲ್ಲಿ ನೋಂದಣಿ. ನಮ್ಮ ಫೋನಿಗೆ ಒಂದು ಕೋಡ್ ಬರಬೇಕು, ಅದನ್ನು ಹೇಳಿದರೆ ನಂಬರು, ನಂಬರಿದ್ದರೆ ಕುರ್ಚಿ. ‘ನೋಂದಣಿಯಾಗದವರನ್ನು ಮತ್ತು ಸರದಿ ಮೀರಿ ಯಾರನ್ನೂ ವೈದ್ಯರು ನೋಡುವಂತಿಲ್ಲ’ ಎಂದು ಬಾಗಿಲಿಗೇ ಅಂಟಿಸಿದ್ದಾರೆ. ಇದನ್ನು ಯಾವ ಬುದ್ಧಿವಂತ ಬರೆದನೋ, ನಿನ್ನ ಕಚೇರಿಯಲ್ಲಿ ವಿಚಾರಿಸಿ ತಿಳಿಸು.

ಮಂಡಿನೋವಿಗೆಂದು ಹೋದ ನಾನು ಮಧ್ಯಾಹ್ನದವರೆಗೂ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ನಮ್ಮ ಹೊಲದ ಕೆಲಸಕ್ಕೆ ಬರುವ ಕೆಂಪಾಜಮ್ಮ. ನಾನು ಗೊಣಗುವುದನ್ನು ಕೇಳಿ ಅವಳಿಗೆ ನಗು.

‘ಬುಡಿ ಮೇಡಮ್ಮೋರೆ. ನಾವು ಉಟ್ಟಿದಾಗಿಂದ ಕೂತೇ ಇದೀವಿ. ನೀವೊಂದಿನ ಕೂತ್ರೆ ಆಸ್ಪತ್ರೆ ಸವ್ದೋದದಾ?’

ನನ್ನ ನೆನಪು ಉದ್ದ. ಸುಧಾರಣೆ ಎಂದು ಬಂದದ್ದನ್ನೆಲ್ಲ ನೋಡಿದ್ದೇನೆ. ಒಮ್ಮೆ ಚೀಟಿಗೆ ದುಡ್ಡು ಅಂದರು. ಒಮ್ಮೆ ಹೆರಿಗೆ ಕೋಣೆಗೆ ಟೈಲ್ಸ್ ಅಂದರು. ಒಮ್ಮೆ ಗೋಡೆಯ ಮೇಲೆ ರೋಗಿಯ ಹಕ್ಕುಗಳನ್ನು ಬರೆಸಿ, ಅದರ ಮುಂದೆ ಬೀರು ತಂದಿಟ್ಟರು. ಆದರೆ ಡಾಕ್ಟರು ಜನರ ಮುಖ ನೋಡಬಾರದು ಎಂದು ಇದುವರೆಗೆ ಯಾರೂ ಅಂದಿರಲಿಲ್ಲ.

ಈಗ ಕ್ಷೇಮ. ಕೆಂಪಾಜಮ್ಮನ ಮಗಳು ನಂದಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಸೋರುತ್ತಿದ್ದ ಹೆರಿಗೆ ಕೋಣೆಯಲ್ಲಿ, ಅವಳಪ್ಪ ಅಂಕಯ್ಯನ ಕೈಗೆ ಕೊಡೆ ಕೊಟ್ಟು, ನೀನೇ ಹುಟ್ಟಿಸಿದ ಕೂಸು. ಅಂಕಯ್ಯ ತೀರಿಕೊಂಡ. ಕೊಡೆ ಇನ್ನೂ ಅವರ ಮನೆಯಲ್ಲಿದೆಯಂತೆ.

ವಿಮಲಮ್ಮ

ಬೆಂಗಳೂರು
28 ಜುಲೈ 2025

ಪೂಜ್ಯ ವಿಮಲಮ್ಮನವರಿಗೆ,

ಶಿವಶಂಕರನ ನಮಸ್ಕಾರ. ನಿಮ್ಮ ಮನೆಯ ಹುರುಳಿ ಬಸ್ಸಾರು ಉಂಡ ಕೈ ಇದು, ಎದುರುತ್ತರ ಬರೆಯಲು ಹಿಂಜರಿಯುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ಆ ಬುದ್ಧಿವಂತ ನಾನೇ.

ಅಮ್ಮ, ನೀವು ಕಟ್ಟೆ ಸುತ್ತುವುದನ್ನು ನೆನೆದಿರಿ, ಪರದೆಯನ್ನು ಮರೆತಿರಿ. ನಿಮ್ಮ ಯಜಮಾನರು, ಪಂಚಾಯ್ತಿಯ ಚಿಕ್ಕಬಸಪ್ಪನವರು, ಸೊಸೈಟಿ ಸೆಕ್ರೆಟರಿ, ಇವರಲ್ಲಿ ಯಾರಾದರೂ ಗೇಟಿನ ಹತ್ತಿರ ಕಂಡರೆ ಸಾಕು, ನನ್ನ ಕೋಣೆಯ ಪರದೆ ತಾನಾಗಿ ಸರಿಯುತ್ತಿತ್ತು. ಕಟ್ಟೆಯ ಮೇಲಿದ್ದವರು ಕಾಲು ಮಡಿಸಿಕೊಂಡು ದಾರಿ ಬಿಡುತ್ತಿದ್ದರು. ರಾಜ್ಯದ ಯಾವ ಹಳ್ಳಿಗೆ ಹೋದರೂ ಇದೇ ಪರದೆ. ನಂಬರಿಗೆ ಯಾರ ಜಮೀನು ಎಷ್ಟು ಎಂದು ಗೊತ್ತಿಲ್ಲ. ಕೆಂಪಾಜಮ್ಮ ನಕ್ಕದ್ದು ಏಕೆಂದು ಸ್ವಲ್ಪ ಯೋಚಿಸಿ.

ಇನ್ನು ಕಣ್ಣಳತೆ. ಒಬ್ಬ ವೈದ್ಯನ ಕಣ್ಣಿಗೆ ಬಿದ್ದವರು ಬದುಕಿದರು ಸರಿ, ಬೀಳದವರ ಗತಿ? ಒಬ್ಬ ರೋಗಿ ಎಷ್ಟು ಹೊತ್ತು ಕಾದ ಎಂಬುದು ಈಗ ಮೊದಲ ಸಲ ನಮಗೆ ತಿಳಿಯುತ್ತಿದೆ. ಅಳೆಯದೆ ಇದ್ದದ್ದನ್ನು ಸರಿ ಮಾಡುವುದು ಹೇಗೆ? ತುರ್ತು ಇದ್ದವರಿಗೆ ವಿನಾಯಿತಿ ಇದ್ದೇ ಇದೆ, ಅದೂ ಅದೇ ಆದೇಶದಲ್ಲಿದೆ. ಬಾಗಿಲಿಗೆ ಅಂಟಿಸಿದವರು ಆ ಭಾಗವನ್ನು ಬಿಟ್ಟಿರಬಹುದು.

ನಿಮ್ಮ ಮಂಡಿಗೆ ಕುರ್ಚಿಯಲ್ಲಿ ಕೂತೇ ಮಾಡುವ ವ್ಯಾಯಾಮವಿದೆ. ಕಾಯುವಾಗ ಮಾಡಿ, ಎರಡು ಕೆಲಸ ಒಟ್ಟಿಗೆ ಆಗುತ್ತದೆ.

ನಂದಿತಾ ಇಷ್ಟು ದೊಡ್ಡವಳಾದಳೇ. ಅಂಕಯ್ಯ ಹಿಡಿದ ಕೊಡೆ ಇಡೀ ಹೊತ್ತು ಅವನ ತಲೆಯ ಮೇಲೇ ಇತ್ತು, ನಾನು ನೆನೆದುಹೋಗಿದ್ದೆ.

ನಿಮ್ಮ
ಶಿವಶಂಕರ

ಹೊಂಗೆಕೊಪ್ಪಲು
6 ಆಗಸ್ಟ್ 2025

ಶಿವಶಂಕರ,

ಪರದೆಯ ಮಾತು ಸರಿ. ಓದಿ ಮುಖ ಬಿಸಿಯಾಯಿತು. ಎರಡು ದಿನ ನಿನ್ನ ಕಾಗದವನ್ನು ಮುಟ್ಟಲಿಲ್ಲ. ಆದರೆ ಪರದೆ ತೆಗೆಯಲು ಹೊರಟ ನೀವು ಕಣ್ಣನ್ನೂ ತೆಗೆದಿದ್ದೀರಿ. ತುರ್ತು ಇದ್ದವರಿಗೆ ವಿನಾಯಿತಿ ಅನ್ನುತ್ತೀಯ. ತುರ್ತೋ ಅಲ್ಲವೋ ಎಂದು ತಿಳಿಯಬೇಕಾದರೆ ಮೊದಲು ಯಾರಾದರೂ ನೋಡಬೇಕಲ್ಲ.

ನನ್ನ ಮಂಡಿ ಹಾಳಾಗಲಿ. ನಂದಿತಾಳ ವಿಷಯ ಕೇಳು. ಅವಳ ಗಂಡ ಮಹೇಶ್‌ಕುಮಾರ್ ಎಚ್.ಡಿ. ಕೋಟೆಯ ಎನ್. ಬೇಗೂರಿನ ಕಡೆಯವನು, ಕಾಡಂಚಿನ ರೆಸಾರ್ಟಿನಲ್ಲಿ ಕೆಲಸ. ಬಸುರಿಯಾದಾಗ ಅವಳ ಹೆಸರು ನೋಂದಣಿಯಾದದ್ದು ಅಲ್ಲಿ, ಗಂಡನ ಫೋನಿನ ಮೇಲೆ. ಅವಳಿಗೆ ಬೇರೆ ಫೋನಿಲ್ಲ. ಇಲ್ಲಿ ಪರೀಕ್ಷೆಗೆ ಹೋದರೆ ಕೋಡ್ ಅಲ್ಲಿಗೆ ಹೋಗುತ್ತದೆ. ಅಲ್ಲಿ ಗಡಿಯಾಚೆಯ ಕೇರಳದ ಸಿಗ್ನಲ್ಲು ಸಿಕ್ಕರೆ ಸಿಕ್ಕಿತು. ಅವನು ನೋಡಿ ತಿರುಗಿ ಫೋನು ಮಾಡುವಷ್ಟರಲ್ಲಿ ಕೋಡಿನ ಅವಧಿ ಮುಗಿದಿರುತ್ತದೆ. ಕೌಂಟರಿನ ಚಂದು ಒಳ್ಳೆಯವನೇ. ಅವನಿಗೂ ಅವಳಿಗೂ ನಡೆದ ಮಾತು ನಾನೇ ಕೇಳಿದ್ದು.

‘ಕೋಡ್ ಬಂತೇನವ್ವಾ?’

‘ನಮ್ ಯಜಮಾನ್ರ ಫೋನಿಗೋಯ್ತದೆ ಕಣಣ್ಣ.’

‘ಅವ್ರೆಲ್ಲವ್ರೆ?’

‘ಕಾಡಲ್ಲವ್ರೆ.’

‘ಕಾಡಲ್ಲಿದ್ರೆ ನಾನೇನ್ ಮಾಡ್ಲವ್ವ. ಸಿಸ್ಟಮ್ ತಕತಿಲ್ಲ.’

ಕೆಂಪಾಜಮ್ಮ ಕೌಂಟರಿನ ಕಿಂಡಿಗೆ ಮುಖವಿಟ್ಟು ಕೇಳಿದಳು: ‘ಬಸ್ರಿ ನನ್ ಮಗಳೋ, ಅವಳ್ ಗಂಡನ್ ಫೋನೋ?’

ಹೊಸದಾಗಿ ಬರೆಸಲು ಹೋದರೆ ಈ ಹೆಸರು ಈಗಾಗಲೇ ಇದೆ ಅನ್ನುತ್ತದಂತೆ. ಇರುವುದನ್ನು ತೆರೆಯಲು ಹೋದರೆ ಕೋಡ್ ಕೇಳುತ್ತದಂತೆ. ನಮ್ಮೂರ ಆಶಾ ಕಾರ್ಯಕರ್ತೆ ಸುಂದ್ರಮ್ಮ ಜೊತೆಗೆ ಬಂದಿದ್ದಳು. ಬೇರೆ ತಾಲ್ಲೂಕಿನ ಬಸುರಿಯ ಹೆಸರು ಅವಳ ಫೋನಿನಲ್ಲೂ ಮೂಡುವುದಿಲ್ಲ. ಹೀಗೆ ಮತ್ತೆ ಮತ್ತೆ ಹೋಗಿ ಬರಿಗೈಯಲ್ಲಿ ಬಂದಿದ್ದಾರೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಸೀಮೆಯ ಪದ್ಧತಿ. ಹುಣಸೂರು, ಕೋಟೆ, ಪಿರಿಯಾಪಟ್ಟಣ, ಎಲ್ಲಿ ಬೇಕಾದರೂ ಕೇಳು. ನಿನ್ನ ಹೆಂಡತಿ ಕೆ.ಆರ್. ನಗರದ ತವರಿಗೆ ಹೋಗಲಿಲ್ಲವೇ? ನೀನು ಇಲ್ಲಿ ನಮ್ಮ ಮನೆಯಲ್ಲಿ ಉಂಡುಕೊಂಡಿದ್ದೆ. ಅಂಥ ನೀನು ಬರೆದ ಆದೇಶದಲ್ಲಿ ಬಸುರಿ ಹೆಂಗಸು ಗಂಡನ ಮನೆಯಿಂದ ಅಲ್ಲಾಡುವುದೇ ಇಲ್ಲ.

ಹುಡುಗಿ ಸ್ವಲ್ಪ ಸೋತಿದ್ದಾಳೆ. ಪಾದ ಊದಿ ಕಾಲುಂಗುರ ಬಿಗಿಯಾಗಿದೆ. ವಾಂತಿ ಬೇರೆ. ಹೊಗೆಸೊಪ್ಪಿನ ಕಾಲವಲ್ಲವೇ, ಸೊಪ್ಪು ಹದ ಮಾಡುವ ಬ್ಯಾರನ್ ಮುಂದೆ ಅವ್ವನ ಜೊತೆ ಕೂತು ಹಸಿ ಸೊಪ್ಪು ಕಟ್ಟುತ್ತಾಳೆ. ‘ಹಸಿ ಸೊಪ್ ಮುಟ್ಟಿದ್ಕೆ, ಸೊಪ್ಪಿನ ವಾಂತಿ ಕಣ್ರೀ, ನಂಗೂ ಆಯ್ತಿತ್ತು’ ಅನ್ನುತ್ತಾಳೆ ಕೆಂಪಾಜಮ್ಮ. ನಾನೂ ನಿಂಬೆಹಣ್ಣಿನ ಪಾನಕ ಕೊಟ್ಟು ನೆರಳಿನಲ್ಲಿ ಕೂರಿಸಿದೆ. ಪಿರಿಯಾಪಟ್ಟಣದ ಖಾಸಗಿ ಡಾಕ್ಟರ ಹತ್ತಿರ ಹೋಗುತ್ತೇವೆ ಅಂದರು. ನಾನೇ ತಡೆದೆ. ನಮ್ಮ ಆಸ್ಪತ್ರೆ ಇರುವಾಗ ಅಲ್ಲಿಗೇಕೆ, ಶಿವಶಂಕರನಿಗೆ ಬರೆಯುತ್ತೇನೆ, ಅವನು ಸರಿ ಮಾಡುತ್ತಾನೆ ಅಂದೆ.

ಸರಿ ಮಾಡು.

ವಿಮಲಮ್ಮ

ಬೆಂಗಳೂರು
25 ಆಗಸ್ಟ್ 2025

ಶ್ರೀಮತಿ ವಿಮಲಮ್ಮನವರಿಗೆ,

ತಮ್ಮ ದಿನಾಂಕ 06.08.2025ರ ಪತ್ರ ತಲುಪಿದೆ. ಪತ್ರದಲ್ಲಿನ ಅಂಶಗಳನ್ನು ‘ಸರದಿ’ ಯೋಜನೆಯ ಕುಂದುಕೊರತೆ ವಿಭಾಗಕ್ಕೆ ವರ್ಗಾಯಿಸಲಾಗಿದೆ. ನೋಂದಣಿ ಸಂಖ್ಯೆಗೆ ಸಂಬಂಧಿಸಿದ ಫೋನ್ ಬದಲಾವಣೆಯನ್ನು ಮೂಲ ಆರೋಗ್ಯ ಕೇಂದ್ರದಲ್ಲಿ ಫಲಾನುಭವಿಯು ಖುದ್ದಾಗಿ ಹಾಜರಾಗಿ ಮಾಡಿಸಿಕೊಳ್ಳಬಹುದು. ಅಂತರ ತಾಲ್ಲೂಕು ವರ್ಗಾವಣೆಯ ವಿಷಯವನ್ನು ಮುಂದಿನ ಪರಿಷ್ಕರಣೆಯಲ್ಲಿ ಪರಿಶೀಲಿಸಲಾಗುವುದು.

ಸೆಪ್ಟೆಂಬರ್ ಎರಡನೇ ವಾರದಲ್ಲಿ ಗುಣಮಟ್ಟ ಪರಿಶೀಲನಾ ತಂಡವು ಹೊಂಗೆಕೊಪ್ಪಲು ಕೇಂದ್ರಕ್ಕೆ ಭೇಟಿ ನೀಡಲಿದ್ದು, ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಾದ ತಾವು ಸಹಕರಿಸಬೇಕಾಗಿ ಕೋರಿದೆ.

(ಕೈಬರಹದಲ್ಲಿ:) ಅಮ್ಮ, ಟೈಪು ಮಾಡಿಸಿದ್ದಕ್ಕೆ ಬೇಸರ ಬೇಡ. ಊರೂರು ಸುತ್ತುತ್ತಿದ್ದೇನೆ. ಪ್ರಮಾಣಪತ್ರ ಸಿಕ್ಕರೆ ನಮ್ಮ ಆಸ್ಪತ್ರೆ ಇಡೀ ತಾಲ್ಲೂಕಿಗೆ ಮಾದರಿ. ನನಗೂ ಅದು ಹೆಮ್ಮೆ. ಶಿ.

ಹೊಂಗೆಕೊಪ್ಪಲು
30 ಆಗಸ್ಟ್ 2025

ಫಲಾನುಭವಿಯು ಖುದ್ದಾಗಿ ಹಾಜರಾಗುವುದಂತೆ. ತುಂಬಿದ ಬಸುರಿ ಇಲ್ಲಿಂದ ಹುಣಸೂರಿಗೆ, ಅಲ್ಲಿಂದ ಕೋಟೆಗೆ, ಕೋಟೆಯಿಂದ ಸಿಕ್ಕಿದ ಜೀಪಿನಲ್ಲಿ ಕಾಡಂಚಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬರಬೇಕು. ಆ ವಾಕ್ಯ ಟೈಪು ಮಾಡಿದವರಿಗೆ ದಾರಿ ಗೊತ್ತಿಲ್ಲ. ನಿನಗೆ ಗೊತ್ತು.

ಆಸ್ಪತ್ರೆಯಲ್ಲಿ ಮದುವೆ ಮನೆಯ ಸಡಗರ. ಸುಣ್ಣ ಬಣ್ಣ ಆಗಿದೆ. ನರ್ಸರಿಯಿಂದ ಹೂಕುಂಡ ಬಾಡಿಗೆಗೆ ಬಂದಿವೆ. ಹೊಂಗೆಕಟ್ಟೆಗೂ ಕೆಮ್ಮಣ್ಣಿನ ಬಣ್ಣ ಬಳಿದು ಸುತ್ತ ಹಗ್ಗ ಕಟ್ಟಿದ್ದಾರೆ. ನಂಬರು ಸಿಗದವರು ಹಗ್ಗ ದಾಟಿ ಅಲ್ಲೇ ಕೂರುತ್ತಾರೆ, ಸೆರಗಿಗೆ ಬಣ್ಣ ಮೆತ್ತಿಸಿಕೊಂಡು ಮನೆಗೆ ಹೋಗುತ್ತಾರೆ. ಪದ್ಮಶ್ರೀ ರೋಗಿ ನೋಡುವುದಕ್ಕಿಂತ ಕಾಗದ ಅಪ್‌ಲೋಡ್ ಮಾಡುವುದೇ ಹೆಚ್ಚು. ಗುತ್ತಿಗೆ ಮುಂದುವರಿಯಬೇಕಲ್ಲ. ‘ಅಂಕ ಕಡಿಮೆ ಬಂದ್ರೆ ನನ್ ತಲೆಗೇ ಬರುತ್ತೆ ಆಂಟಿ’ ಅಂದಳು.

ನಂದಿತಾಳಿಗೆ ಈಗ ತಲೆನೋವೂ ಸೇರಿದೆ. ಬ್ಯಾರನ್ನಿನ ಹೊಗೆಯ ಹತ್ತಿರ ಕೂರಬೇಡ ಅಂದೆ. ಕೂರುವುದನ್ನು ಬಿಟ್ಟರೂ ನೋವು ಬಿಟ್ಟಿಲ್ಲ. ನೆನ್ನೆ, ‘ಕಣ್ ಮುಂದೆ ಮಿಣುಕುಳ ಆರಾಡ್ದಂಗಾಯ್ತದೆ ಮೇಡಂ’ ಅಂದಳು. ಊಟ ಸರಿಯಾಗಿ ಮಾಡುತ್ತಿಲ್ಲ, ಅದಕ್ಕಿರಬೇಕು. ರಾಗಿ ಗಂಜಿ ಕಳಿಸಿದ್ದೇನೆ.

ಪರಿಶೀಲನಾ ತಂಡದ ಮುಂದೆ ನಾನು ಎಲ್ಲವನ್ನೂ ಮಾತನಾಡುವವಳಿದ್ದೇನೆ. ಟಿಪ್ಪಣಿ ಮಾಡಿಕೊಂಡಿದ್ದೇನೆ.

ವಿಮಲಮ್ಮ

ಕಲಬುರಗಿ, ಪ್ರವಾಸದಲ್ಲಿ
8 ಸೆಪ್ಟೆಂಬರ್ 2025

ಅಮ್ಮ,

ನಿಮ್ಮ ಕಾಗದ ಬಂದಿದೆ ಎಂದು ಕಚೇರಿಯಿಂದ ಹೇಳಿದರು. ಮೇಜಿನ ಮೇಲಿಡಲು ಹೇಳಿದ್ದೇನೆ. ಬೈಗುಳವನ್ನು ಬೇರೆಯವರಿಂದ ಫೋನಿನಲ್ಲಿ ಓದಿಸಿ ಕೇಳಲು ಸಂಕೋಚ. ಹಿಂತಿರುಗಿ ನಾನೇ ಓದುತ್ತೇನೆ.

ಗುರುವಾರ ತಂಡ ಬರುತ್ತದೆ. ಹೊಂಗೆಕೊಪ್ಪಲಿನಲ್ಲಿ ಕಾಯುವ ಅವಧಿ ಜಿಲ್ಲೆಯಲ್ಲೇ ಅತಿ ಕಡಿಮೆ ಎಂದು ನಮ್ಮ ಪಟ್ಟಿ ತೋರಿಸುತ್ತಿದೆ. ನೋಡಿದಿರಾ, ನಿಮ್ಮ ಹಳೆಯ ಆಸ್ಪತ್ರೆ. ಅವರ ಮುಂದೆ ನನ್ನ ಮಾನ ಸ್ವಲ್ಪ ಉಳಿಸಿ.

ಶಿವಶಂಕರ

ಹೊಂಗೆಕೊಪ್ಪಲು
13 ಸೆಪ್ಟೆಂಬರ್ 2025

ಶಿವಶಂಕರ,

ನಿನ್ನ ಕಲಬುರಗಿಯ ಕಾಗದ ಇಂದು ಬಂತು. ಕಾಯುವ ಅವಧಿ ನಮ್ಮಲ್ಲಿ ಏಕೆ ಕಡಿಮೆ ಎಂದು ಈಗ ನನಗೆ ಗೊತ್ತು. ನಂಬರು ಸಿಗದವರು ಕಾದದ್ದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಗುರುವಾರ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ತಂಡದಲ್ಲಿ ಇಬ್ಬರಿದ್ದರು, ಒಬ್ಬ ಗಂಡಸು, ಒಬ್ಬ ಹೆಂಗಸು. ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಕಾಯುವ ವ್ಯವಸ್ಥೆ ತೃಪ್ತಿಕರವೇ ಎಂದು ಕೇಳಿದರು. ನಾನು ಟಿಪ್ಪಣಿ ತೆಗೆದೆ. ನಮ್ಮ ಆಸ್ಪತ್ರೆ ಗೋದಾಮಿನಲ್ಲಿದ್ದ ಕಾಲದಿಂದ ಶುರು ಮಾಡಿದೆ. ಚೆನ್ನಾಗಿಯೇ ಮಾತನಾಡುತ್ತಿದ್ದೆ, ಆ ಗಂಡಸು ಬರೆದುಕೊಳ್ಳುತ್ತಿದ್ದ. ನನ್ನ ಬೆನ್ನ ಹಿಂದೆ ಕಿಟಕಿ. ಕಿಟಕಿಯಾಚೆ ಕಟ್ಟೆಯ ಮೇಲೆ, ನಂಬರಿಲ್ಲದೆ, ನಂದಿತಾ ಕೂತಿದ್ದಳು. ನಾನು ಒಳಗೆ ಬರುವಾಗ ಅವಳನ್ನು ನೋಡಿ, ‘ಇವತ್ತು ಎಲ್ಲ ಸರಿಹೋಗುತ್ತೆ ಇರು’ ಅಂದು ಬಂದಿದ್ದೆ.

ಫೈಲು ಹಿಡಿದು ನಿಂತಿದ್ದ ಪದ್ಮಶ್ರೀ ನನ್ನ ತಲೆಯ ಮೇಲಿಂದ ಹೊರಗೆ ನೋಡುತ್ತಿದ್ದಳು. ಫೈಲನ್ನು ನನ್ನ ತೊಡೆಯ ಮೇಲೆ ಇಟ್ಟು ಹೊರಟೇಬಿಟ್ಟಳು.

‘ಡಾಕ್ಟ್ರೇ, ಪ್ರಶ್ನೆ ಇನ್ನೂ ಮುಗಿದಿಲ್ಲ’ ಅಂದ ಆ ಗಂಡಸು.

‘ಆ ಹುಡುಗಿ ಮುಖ ಸರಿಯಿಲ್ಲ ಸಾರ್.’

ಚಂದು ಕೌಂಟರಿನಿಂದ, ‘ಮೇಡಂ, ಅವ್ರ್ದು ಎಂಟ್ರಿ ಆಗಿಲ್ಲ’ ಅಂದ. ಅವಳು ತಿರುಗಿ ನೋಡಲಿಲ್ಲ. ಹಗ್ಗ ದಾಟಿ ಹೋಗಿ ನಂದಿತಾಳ ರಟ್ಟೆ ಹಿಡಿದು ಎಬ್ಬಿಸಿದಳು. ಹುಡುಗಿಯ ಮುಖ ಊದಿ, ಕಣ್ಣು ಕಿರಿದಾಗಿ, ಯಾರದೋ ಮುಖದ ಹಾಗಾಗಿತ್ತು. ದಿನಾ ನೋಡುತ್ತಿದ್ದ ನನಗೆ ಅದು ಕಂಡಿರಲಿಲ್ಲ. ಒಳಗೆ ಕೂರಿಸಿ ಬಿ.ಪಿ. ಪಟ್ಟಿ ಸುತ್ತಿದಳು. ಯಂತ್ರ ನೋಡಿದ ಪದ್ಮಶ್ರೀ ನರ್ಸಿಗೆ ಇಂಜೆಕ್ಷನ್ ಅನ್ನುವಷ್ಟರಲ್ಲಿ ನಂದಿತಾಳ ಕೈಕಾಲು ಸೆಟೆದು ಫಿಟ್ಸ್ ಬಂತು.

ತಂಡದ ಹೆಂಗಸು ಪೆನ್ನು ಬಿಸಾಕಿ ಓಡಿಬಂದಳು. ನಂದಿತಾಳನ್ನು ಮಗ್ಗುಲಿಗೆ ಹೊರಳಿಸಿ ಗಟ್ಟಿಯಾಗಿ ಹಿಡಿದುಕೊಂಡಳು. ಅವಳು ಹಿಡಿಯದಿದ್ದರೆ ಹುಡುಗಿ ಕೆಳಗೆ ಬೀಳುತ್ತಿದ್ದಳು. ಫಿಟ್ಸ್ ನಿಂತು, ಆಂಬುಲೆನ್ಸ್ ಮೈಸೂರಿಗೆ ಹೊರಟ ಮೇಲೆ, ಆ ಹೆಂಗಸು ಕೈ ತೊಳೆದುಕೊಂಡು ಬಂದು ಕೂತಳು. ಆಮೇಲೆ ಅಂಕ ಕಳೆದಳು. ನೋಂದಣಿಯಿಲ್ಲದೆ ನೋಡಿದ್ದಕ್ಕೆ ಒಂದು, ಸರದಿ ಮೀರಿದ್ದಕ್ಕೆ ಒಂದು. ತುರ್ತು ವಿನಾಯಿತಿ ಅನ್ವಯಿಸಬೇಕಾದರೆ ತುರ್ತು ಎಂದು ಮೊದಲೇ ದಾಖಲಾಗಿರಬೇಕಂತೆ. ಹೋಗುವಾಗ ಮೈಸೂರಿನ ಆಸ್ಪತ್ರೆಯ ಫೋನ್ ನಂಬರು ಕೇಳಿ ಬರೆದುಕೊಂಡಳು, ಅದನ್ನೂ ಹೇಳಬೇಕು.

ಮೈಸೂರಿನಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದಿದ್ದಾರೆ. ಹೆಣ್ಣು. ಬೊಗಸೆಯಷ್ಟಿದೆಯಂತೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ನಂದಿತಾಳಿಗೆ ಇನ್ನೂ ಪೂರ್ತಿ ಎಚ್ಚರವಿಲ್ಲ.

ಕೆಂಪಾಜಮ್ಮ ಆಂಬುಲೆನ್ಸ್ ಹತ್ತುವಾಗ ನನ್ನ ಕಡೆ ನೋಡಿ, ‘ಕಾಗ್ದ ಬರ್ದೀನಿ ಅಂದ್ರಲ್ಲ ಮೇಡಮ್ಮೋರೆ’ ಅಂದಳು. ಬಯ್ಯುವ ದನಿಯಲ್ಲಲ್ಲ. ಬರೆದಿರೋ ಇಲ್ಲವೋ ಎಂದು ಕೇಳುವ ಹಾಗೆ.

ಬರೆದಿದ್ದೆನಲ್ಲ ಶಿವಶಂಕರ?

ವಿಮಲಮ್ಮ

ಮೈಸೂರು
19 ಸೆಪ್ಟೆಂಬರ್ 2025

ಅಮ್ಮ,

ಬರೆದಿದ್ದಿರಿ. ಪಾದ ಊದಿದೆ ಎಂದು ಬರೆದಿದ್ದಿರಿ. ವಾಂತಿ ಎಂದು ಬರೆದಿದ್ದಿರಿ. ತಲೆನೋವು, ಕಣ್ಣ ಮುಂದೆ ಮಿಣುಕುಹುಳ ಎಂದು ಬರೆದಿದ್ದಿರಿ. ನಿಮಗೆ ಅದು ಸೊಪ್ಪಿನ ವಾಂತಿಯಾಗಿ ಕಂಡದ್ದು ತಪ್ಪಲ್ಲ, ಆ ಸೀಮೆಯಲ್ಲಿ ಎಲ್ಲರಿಗೂ ಹಾಗೇ ಕಾಣುತ್ತದೆ. ನಾನು ವೈದ್ಯ, ಇವೆಲ್ಲ ಬಸುರಿನಲ್ಲಿ ಬಿ.ಪಿ. ಏರಿದ ಗುರುತು ಎಂದು ಬಲ್ಲವನು. ಆಗಸ್ಟ್ ಆರರ ಕಾಗದದಲ್ಲೇ, ಊದಿದ ಪಾದದ ಸಾಲಿಗೆ ಬಂದಾಗಲೇ ಎದ್ದು ಫೋನು ಮಾಡಬೇಕಿತ್ತು. ನಾನು ಆ ಸಾಲನ್ನು ಓದಿದ್ದೆ. ನನ್ನ ಆದೇಶವನ್ನು ಬಯ್ಯುವ ಮಾತು ಮುಗಿದು ಊರಿನ ಸುದ್ದಿ ಶುರುವಾಯಿತು ಎಂದುಕೊಂಡು ಮಡಿಸಿಟ್ಟೆ.

ಮೊನ್ನೆ ಇಲ್ಲಿಗೆ ಬಂದೆ. ನಂದಿತಾಳಿಗೆ ಎಚ್ಚರವಾಗಿದೆ, ದೃಷ್ಟಿ ಇನ್ನೂ ಮಬ್ಬು, ಬರುತ್ತದೆ ಎನ್ನುತ್ತಾರೆ. ಮಗುವನ್ನು ಗಾಜಿನಾಚೆಯಿಂದ ನೋಡಿದೆ. ಮಹೇಶ್‌ಕುಮಾರ್ ಕಾರಿಡಾರಿನಲ್ಲಿ ಫೋನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಾನೆ. ಚಾರ್ಜು ಮುಗಿದ ಫೋನು. ‘ನಾನು ದಿನಾ ಮರ ಅತ್ತಿ ನೋಡ್ತಿದ್ದೆ ಸಾರ್, ಕೋಡ್ ಬಂದೈತಾ ಅಂತ’ ಅಂದ. ಅವನ ಫೋನನ್ನು ನನ್ನ ಚಾರ್ಜರಿಗೆ ಹಾಕಿಕೊಟ್ಟೆ.

ಕೆಂಪಾಜಮ್ಮ ನನ್ನ ಗುರುತು ಹಿಡಿಯಲಿಲ್ಲ. ಹೆಸರು ಹೇಳಿದ ಮೇಲೆ, ‘ಓ, ಟೀ ಲೋಟದ್ ಡಾಕ್ಟ್ರು’ ಅಂದಳು.

ಶಿವಶಂಕರ

ಹೊಂಗೆಕೊಪ್ಪಲು
1 ಅಕ್ಟೋಬರ್ 2025

ಟೀ ಲೋಟದ ಡಾಕ್ಟರಿಗೆ,

ನೀನು ಮೈಸೂರಿನಲ್ಲಿ ಕೂತು ನನಗೆ ಆ ಕಾಗದ ಬರೆದ ದಿನವೇ ಪದ್ಮಶ್ರೀಗೆ ಒಂದು ನೋಟಿಸು ಹೊರಟಿದೆ. ನೋಂದಣಿಯಿಲ್ಲದ ರೋಗಿಯನ್ನು ಸರದಿ ಮೀರಿ ನೋಡಿದ್ದಕ್ಕೆ ಕಾರಣ ಕೇಳಿ. ಗುತ್ತಿಗೆ ಮುಂದುವರಿಸದಿರಲು ಏಕೆ ಶಿಫಾರಸು ಮಾಡಬಾರದು ಎಂದೂ ಇದೆ. ಕೆಳಗೆ ನಿನ್ನ ಸಹಿ. ನೂರು ಕಾಗದದ ನಡುವೆ ಇದ್ದರೂ ನಾನು ಗುರುತಿಸುತ್ತೇನೆ, ಆ ಶಂ ಅಕ್ಷರದ ಸೊನ್ನೆಯನ್ನು ನೀನು ಎಂದೂ ಮುಚ್ಚುವುದಿಲ್ಲ.

ಹುಡುಗಿ ಅದನ್ನು ತಂದು ನನಗೆ ತೋರಿಸಿದಳು. ಅಳಲಿಲ್ಲ. ‘ಆಂಟಿ, ಇನ್ಮೇಲೆ ಕಿಟಕಿ ಕಡೆ ಬೆನ್ನು ಹಾಕ್ಕೊಂಡು ಕೂರ್ಲಾ?’ ಎಂದು ಕೇಳಿದಳು.

ಅವಳಿಗೆ ಏನೆಂದು ಹೇಳಲಿ? ಇದಕ್ಕೆ ಟೈಪು ಮಾಡಿದ ಉತ್ತರ ಬಂದರೆ ಒಡೆಯದೆ ವಾಪಸು ಕಳಿಸುತ್ತೇನೆ.

ವಿ.

ಬೆಂಗಳೂರು
14 ಅಕ್ಟೋಬರ್ 2025

ಅಮ್ಮ,

ಆ ಸಹಿ ನನ್ನದೇ, ಆದರೆ ಹಾಕಿದ್ದು ಯಂತ್ರ. ಅಂಕ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ನೋಟಿಸು ತಾನಾಗಿ ಹೋಗುವಂತೆ ಮಾಡಿದ್ದೇವೆ. ಯಾರ ಮುಲಾಜಿಗೂ ಯಾರೂ ತಡೆಯಬಾರದೆಂದು ನಾನೇ ಒತ್ತಾಯಿಸಿದ್ದೆ. ಅದನ್ನು ಹಿಂಪಡೆಯಲು ಗುಂಡಿಯೇ ಇಲ್ಲ. ಉತ್ತರ ಬಂದರೆ ಮಾತ್ರ ಮುಗಿಸಬಹುದು. ಪದ್ಮಶ್ರೀ ಉತ್ತರಿಸಿದ್ದಾಳೆ, ಒಂದೇ ಸಾಲು: ‘ರೋಗಿಯ ಮುಖ ಕಂಡಿತು, ಹೋದೆ.’ ಒಪ್ಪಿದೆ ಎಂದು ಬರೆದು ಮುಗಿಸಿದೆ. ಗುತ್ತಿಗೆಗೆ ತೊಂದರೆಯಿಲ್ಲ. ಆಸ್ಪತ್ರೆಯ ಅಂಕ ಮಾತ್ರ ಹಾಗೇ ಉಳಿಯುತ್ತದೆ, ಈ ವರ್ಷ ಪ್ರಮಾಣಪತ್ರವಿಲ್ಲ.

ಆದೇಶವನ್ನು ತಿದ್ದಲು ಕೂತಿದ್ದೇವೆ. ತವರಿಗೆ ಬಂದ ಬಸುರಿಯನ್ನು ಅವಳ ತಾಯಿ ಕಾರ್ಡಿನ ಮೇಲೆಯೇ ನೋಡಬೇಕು, ಯಾರ ಫೋನಿನ ಕೋಡೂ ಬೇಡ. ಇದು ಸುಲಭವಾಗಿ ಆಯಿತು. ಕಷ್ಟವಾದದ್ದು ಕಟ್ಟೆ. ನೋಂದಣಿಗೆ ಮುನ್ನ ವೈದ್ಯರು ಕಾಯುವವರನ್ನೆಲ್ಲ ಒಮ್ಮೆ ಸುತ್ತಿ ನೋಡತಕ್ಕದ್ದು, ತೀರ ಅಗತ್ಯ ಕಂಡವರನ್ನು ನಂಬರಿಲ್ಲದೆ ಕರೆಯತಕ್ಕದ್ದು ಎಂದು ಬರೆದೆ. ‘ಮತ್ತೆ ಗೌಡರನ್ನೇ ಕರೆದರೆ?’ ಎಂದರು ಒಬ್ಬರು. ಅದು ನನ್ನದೇ ಪ್ರಶ್ನೆ, ತಿರುಗಿ ನನಗೇ ಬಂತು. ಕರೆದವರ ಹೆಸರನ್ನು ಸಂಜೆ ಗೋಡೆಗೆ ಹಾಕೋಣ ಅಂದೆ. ‘ಸುತ್ತಿದರೆನ್ನುವುದಕ್ಕೆ ಪುರಾವೆ?’ ಎಂದರು ಇನ್ನೊಬ್ಬರು. ಕೊನೆಗೆ, ಸುತ್ತುವಾಗ ದಿನಕ್ಕೊಂದು ಫೋಟೊ ತೆಗೆದು ಕಳಿಸುವುದಕ್ಕೆ ಒಪ್ಪಿದೆ. ಒಪ್ಪದಿದ್ದರೆ ಆ ಸಾಲೇ ಬಿದ್ದುಹೋಗುತ್ತಿತ್ತು.

ನೀವು ನಗುತ್ತೀರಿ, ಗೊತ್ತು. ನಾನು ಸುತ್ತುತ್ತಿದ್ದಾಗ ಯಾರೂ ಫೋಟೊ ತೆಗೆಯಲಿಲ್ಲ. ತೆಗೆದಿದ್ದರೆ ಇವರಿಗೆ ತೋರಿಸಬಹುದಿತ್ತು ಎಂದು ಮೀಟಿಂಗಿನಲ್ಲಿ ಅನ್ನಿಸಿತು.

ಶಿವಶಂಕರ

ಹೊಂಗೆಕೊಪ್ಪಲು
22 ಜನವರಿ 2026

ಶಿವಶಂಕರ,

ತಿದ್ದಿದ ಆದೇಶ ಬಂದು ಜಾರಿಯಾಗಿದೆ. ಕಟ್ಟೆಯ ಹಗ್ಗ ಬಿಚ್ಚಿದ್ದಾರೆ.

ಮೊದಮೊದಲು ಪದ್ಮಶ್ರೀ ಒಂದು ಕೈಯಲ್ಲಿ ಫೋನು ಎತ್ತಿ ಹಿಡಿದು ಸುತ್ತುತ್ತಿದ್ದಳು. ಜನಕ್ಕೆ ಅದು ಅರ್ಥವಾಗಿದ್ದೇ ಬೇರೆ ಥರ. ಫೋನು ಕಂಡೊಡನೆ ನೆಟ್ಟಗೆ ಕೂತು ತಲೆಗೂದಲು ಸರಿಮಾಡಿಕೊಂಡು ನಗುತ್ತಿದ್ದರು. ಜ್ವರ ಬಂದವರೂ ನಕ್ಕರೆ ಡಾಕ್ಟರಿಗೆ ಏನು ತಿಳಿಯಬೇಕು? ಮುದುಕಿ ಪುಟ್ಟಸಿದ್ದಮ್ಮನಂತೂ, ‘ನನ್ ಪಟ ಪೇಪರ್ನಲ್ ಯಾವತ್ ಬತ್ತದೆ’ ಎಂದು ದಿನಾ ಕೇಳಿದಳು.

ಒಂದು ದಿನ ಪದ್ಮಶ್ರೀ ಫೋನನ್ನು ತಂದು ನನ್ನ ಕೈಗಿಟ್ಟಳು. ‘ಆಂಟಿ, ನೀವು ಸಮಿತಿಯವರು. ಫೋಟೊ ನೀವು ತೆಗೀರಿ, ಮುಖ ನಾನು ನೋಡ್ತೀನಿ.’ ಅಂದಿನಿಂದ ಬೆಳಿಗ್ಗೆ ನನಗೆ ಆಸ್ಪತ್ರೆಯಲ್ಲಿ ಕೆಲಸ. ಜನಕ್ಕೆ ಕಾಣದ ಹಾಗೆ ಮರದ ಹಿಂದೆ ನಿಂತು ತೆಗೆಯುತ್ತೇನೆ. ಕೆಲಸ ಮುಗಿದ ಮೇಲೆ ಮಂಡಿಗೆ ನಂಬರು ತೆಗೆದುಕೊಂಡು ಕೂರುತ್ತೇನೆ. ನನ್ನನ್ನು ಸರದಿ ಬಿಟ್ಟು ಮುಂದೆ ಕರೆಯಲು ಬಂದ ಚಂದುವಿಗೆ ಕೆಂಪಾಜಮ್ಮ ಹೇಳಿದಳು: ‘ಬ್ಯಾಡ ಕಣಪ್ಪ, ಕೂತ್ಕಳ್ಳಿ. ನಂಬ್ರೂ ಇರ್ಲಿ, ನೋಡೋರೂ ಇರ್ಲಿ.’ ಅವಳು ನನ್ನ ಜೊತೆ ಮಾತನಾಡುತ್ತಾಳೆ. ಕಾಗದದ ವಿಷಯ ಮತ್ತೆ ಎತ್ತಿಲ್ಲ. ನಮ್ಮ ಹೊಲಕ್ಕೆ ಮಾತ್ರ ಈ ಸಲ ಕೆಲಸಕ್ಕೆ ಬಂದಿಲ್ಲ.

ಇವತ್ತು ನಂದಿತಾ ಮಗುವಿಗೆ ಸೂಜಿ ಹಾಕಿಸಲು ಬಂದಿದ್ದಳು. ಮಗು ಈಗ ತೊಡೆಯ ತುಂಬ ಇದೆ. ನಂದಿತಾಳ ಒಂದು ಕಣ್ಣು ಇನ್ನೂ ಪೂರ್ತಿ ತಿಳಿಯಾಗಿಲ್ಲ, ಬಿಸಿಲಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಪದ್ಮಶ್ರೀ ಸುತ್ತುತ್ತ ಬಂದು ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕೈ ಸರಿಸಿ ಕಣ್ಣನ್ನು ನೋಡಿದಳು. ನಾನು ಫೋಟೊ ತೆಗೆದೆ.

ನಿಮ್ಮ ಯಂತ್ರ ಅದನ್ನು ತಿರಸ್ಕರಿಸಿದೆ. ನೆನ್ನೆಯದನ್ನೂ, ಮೊನ್ನೆಯದನ್ನೂ ತಿರಸ್ಕರಿಸಿತ್ತು. ಕೆಂಪು ಅಕ್ಷರದಲ್ಲಿ ಬರುತ್ತದೆ: ವೈದ್ಯರ ಮುಖ ಕಾಣುತ್ತಿಲ್ಲ. ಹೇಗೆ ಕಾಣಬೇಕು, ಅವಳು ರೋಗಿಗಳ ಕಡೆ ಬಗ್ಗಿರುತ್ತಾಳೆ. ಇನ್ನಷ್ಟು ತಿರಸ್ಕಾರವಾದರೆ ಇನ್ನೊಂದು ನೋಟಿಸು ಬರುತ್ತದೆ ಎನ್ನುತ್ತಾನೆ ಚಂದು. ಬಂದರೆ ನಿನ್ನ ಸಹಿಯೇ ಇರುತ್ತದೆ.

ಒಂದು ನಿಮಿಷ ಕ್ಯಾಮೆರಾ ಕಡೆ ತಿರುಗಿ ನಿಲ್ಲಮ್ಮ ಎಂದು ನಾನು ಅವಳಿಗೆ ಹೇಳಬಹುದು. ಹೇಳಿಲ್ಲ. ಫೋಟೊಗಳನ್ನು ಅಚ್ಚು ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಎಲ್ಲದರಲ್ಲೂ ಅವಳ ಬೆನ್ನೇ ಇದೆ.

ವಿಮಲಮ್ಮ